ಬೆಕ್ಕಿನ ಕಚ್ಚು ಗಾಯಕ್ಕೆ ಅರಿಶಿನ ಹಚ್ಚಬಹುದೇ?

ಪ್ರಶ್ನೆ: ರೇಷ್ಮೆ ಹುಳುಮನೆಗೆ ಇಲಿ ಬಾರದಿರಲೆಂದು ಬೆಕ್ಕು ಸಾಕಿದ್ದೇವೆ. ನಿನ್ನೆ ರಾತ್ರಿ ಬೇರೆ ಗಂಡು ಬೆಕ್ಕಿನೊಂದಿಗೆ ಕಾದಾಡಿ ಬಂದಿದೆ. ಕೆನ್ನೆ ಮೇಲೆ ಗೀರು, ಬಾಲದ ಬುಡದಲ್ಲಿ ಎರಡು ಸಣ್ಣ ತೂತು. ರಕ್ತ ನಿಂತಿದೆ. ಅತ್ತೆ ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದ್ದಾರೆ. ಡೆಟಾಲ್‌ನಲ್ಲಿ ತೊಳೆಯಬಹುದೇ? ಆಸ್ಪತ್ರೆಗೆ ಒಯ್ಯಲೇಬೇಕೇ?
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಡೆಟಾಲ್ ಬೇಡವೇ ಬೇಡ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಬೆಕ್ಕು ಮೈ ನೆಕ್ಕುವ ಪ್ರಾಣಿ, ಹೊರಗೆ ಹಚ್ಚಿದ್ದೆಲ್ಲ ಹೊಟ್ಟೆ ಸೇರುತ್ತದೆ.

ಕೆನ್ನೆಯ ಗೀರು ತೊಳೆದರೆ ಸಾಕು, ಒಣಗುತ್ತದೆ. ಯೋಚಿಸಬೇಕಾದದ್ದು ಆ ಎರಡು ತೂತುಗಳ ಬಗ್ಗೆ. ಕೋರೆಹಲ್ಲು ಸೂಜಿಯ ಹಾಗೆ ಇಳಿದು ಬಾಯಿಯ ಬ್ಯಾಕ್ಟೀರಿಯಾವನ್ನು ಚರ್ಮದಡಿ ಬಿಟ್ಟಿರುತ್ತದೆ. ಮೇಲಿನ ಚರ್ಮ ಬೇಗ ಕೂಡಿಕೊಂಡು, ಒಳಗೆ ಕೀವು ಕಟ್ಟಿ, 2ರಿಂದ 5 ದಿನದಲ್ಲಿ ಬಿಸಿಯಾದ ಬಾವು ಏಳುತ್ತದೆ. ಅರಿಶಿನದ ಮುದ್ದೆ ಆ ತೂತಿನ ಬಾಯಿಯನ್ನು ಮೆತ್ತಿ ಮುಚ್ಚುತ್ತದೆ, ಹಳದಿಯಡಿ ಚರ್ಮ ಕೆಂಪಗಾದದ್ದೂ ಕಾಣುವುದಿಲ್ಲ. ಅತ್ತೆಯವರ ಕಾಳಜಿ ದೊಡ್ಡದು, ಆದರೆ ಈ ಗಾಯಕ್ಕೆ ಅದು ಮದ್ದಲ್ಲ. ಇವತ್ತೇ ತೊಳೆದು ತೆಗೆಯಿರಿ.

ಅರ್ಧ ಲೀಟರ್ ನೀರು ಕುದಿಸಿ ಒಂದು ಮಟ್ಟಸ ಟೀ ಚಮಚ ಉಪ್ಪು ಕರಗಿಸಿ, ಉಗುರುಬೆಚ್ಚಗಾಗಲು ಬಿಡಿ. ಬೆಕ್ಕನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ ಗಾಯದ ಭಾಗ ಮಾತ್ರ ಹೊರಗಿಡಿ, ಇನ್ನೊಬ್ಬರು ಹಿಡಿದುಕೊಳ್ಳಲಿ. ಸುತ್ತಲಿನ ಕೂದಲು ಕತ್ತರಿಸುವಾಗ ಬಾಚಣಿಗೆಯನ್ನು ಚರ್ಮಕ್ಕೆ ಒತ್ತಿಟ್ಟು ಅದರ ಮೇಲಷ್ಟೇ ಕತ್ತರಿ ಆಡಿಸಿ, ಏಕೆಂದರೆ ಬೆಕ್ಕಿನ ಚರ್ಮ ಸುಲಭವಾಗಿ ಎದ್ದು ಬಂದು ಕತ್ತರಿಗೆ ಸಿಗುತ್ತದೆ. ಸೂಜಿ ತೆಗೆದ 20 ಮಿಲಿ ಸಿರಿಂಜ್‌ನಿಂದ ಉಪ್ಪುನೀರನ್ನು ಗಾಯದ ಮೇಲೆ ಹಾಯಿಸಿ. ಸಿರಿಂಜ್ ತುದಿಯನ್ನು ತೂತಿನೊಳಗೆ ತೂರಿಸಬೇಡಿ, ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ. ಕೊನೆಗೆ ಪೊವಿಡೋನ್ ಅಯೋಡಿನ್ (ಗಾಯದ ನಂಜುನಿವಾರಕ): 5 ಶೇಕಡಾ ದ್ರಾವಣ 1 ಮಿಲಿಗೆ 50 ಮಿಲಿ ನೀರು, ಹಾಲಿಲ್ಲದ ತೆಳು ಟೀ ಬಣ್ಣ ಬರಬೇಕು. ಗಟ್ಟಿ ದ್ರಾವಣ ಹೊಸದಾಗಿ ಬೆಳೆಯುವ ಮಾಂಸವನ್ನೇ ಸುಡುತ್ತದೆ. ಹತ್ತಿ ಬೇಡ, ಎಳೆ ಅಂಟುತ್ತದೆ. ಗಾಜ್ ಬಟ್ಟೆಯಲ್ಲಿ ಒತ್ತಿ ಒಣಗಿಸಿ.

ಆಸ್ಪತ್ರೆಗೆ ಒಯ್ಯಲೇಬೇಕು, ಅದೂ ಇವತ್ತೇ. ಕಚ್ಚಿದ 24 ಗಂಟೆಯೊಳಗೆ ಆ್ಯಂಟಿಬಯಾಟಿಕ್ ಸಿಕ್ಕರೆ ಎಷ್ಟೋ ಬಾರಿ ಕೀವೇ ಕಟ್ಟುವುದಿಲ್ಲ. ರೇಬಿಸ್ ಲಸಿಕೆ ಹಾಕಿಸಿದ್ದೀರಾ ಎಂಬುದನ್ನೂ ವೈದ್ಯರಿಗೆ ಹೇಳಿ. ಹಿಡಿಯುವಾಗ ನಿಮಗೆ ಪರಚಿದ್ದರೆ, ಕಚ್ಚಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ನೀವೂ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ತೋರಿಸಿಕೊಳ್ಳಿ.

ಗಾಯ ಮಾಯುವವರೆಗೆ ಬೆಕ್ಕನ್ನು ಹುಳುಮನೆಗೆ ಬಿಡಬೇಡಿ. ಹುಳುಗಳ ಹಾಸಿಗೆಗೆ ಉದುರಿಸುವ ಸುಣ್ಣ, ಬ್ಲೀಚಿಂಗ್ ಪುಡಿ ಹಸಿ ಗಾಯವನ್ನು ಸುಡುತ್ತವೆ. ನೊಣ ಕೂತು ಗಾಯದಲ್ಲಿ ಹುಳು ಬಿದ್ದರೆ ದನಕ್ಕೆ ಹಾಕುವ ಟರ್ಪೆಂಟೈನ್, ಕರ್ಪೂರ ಬೆಕ್ಕಿಗೆ ವಿಷ. ನಾಯಿಗೆ ಹೊಡೆಯುವ ಪೈರೆಥ್ರಾಯ್ಡ್ ಕೀಟನಾಶಕ ಸ್ಪ್ರೇ ಕೂಡ ಬೆಕ್ಕಿಗೆ ಅಪಾಯ. ಅದರ ಅಂಶ ಅಂಟಿದ ಬೆಕ್ಕು ಹುಳುಮನೆ ಹೊಕ್ಕರೆ ನಿಮ್ಮ ರೇಷ್ಮೆ ಹುಳುವಿಗೂ ಕುತ್ತು. ಇನ್ನೊಂದು ಮಾತು: ಸಣ್ಣ ಗಾಯದಿಂದಲೂ ರಕ್ತ ಜಿನುಗುತ್ತಲೇ ಇದ್ದರೆ, ಸುತ್ತಮುತ್ತ ಯಾರಾದರೂ ಇಲಿ ಪಾಷಾಣ ಇಟ್ಟಿದ್ದಾರಾ ವಿಚಾರಿಸಿ. ಬ್ರೊಮಾಡಿಯೋಲೋನ್ ಎಂಬ ಇಲಿ ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕಿಗೆ ರಕ್ತ ಹೆಪ್ಪುಗಟ್ಟದಿರಬಹುದು.

ಪ್ರಶ್ನೆ: ಬೆಕ್ಕಿನ ಕಾಲಿಗೆ ತಗಡು ಕೊಯ್ದಿದೆ. ಬ್ಯಾಂಡೇಜ್ ಕಟ್ಟಿ ಅರ್ಧ ಪ್ಯಾರಾಸಿಟಮಾಲ್ ಕೊಡಲೇ?
– ಓದುಗರು, ಚಿಂತಾಮಣಿ

ಉತ್ತರ: ಮಾತ್ರೆ ಕೊಡಬೇಡಿ. ಅರ್ಧ ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ರಕ್ತ ಬರುತ್ತಿದ್ದರೆ ಮಡಿಸಿದ ಶುಭ್ರ ಬಟ್ಟೆಯನ್ನು 5 ನಿಮಿಷ ಒತ್ತಿ ಹಿಡಿಯಿರಿ. ನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಬರುತ್ತದೆ. ಬ್ಯಾಂಡೇಜ್ ಬಿಗಿಯಾದರೆ ಪಾದ ಊದಿ ತಣ್ಣಗಾಗುತ್ತದೆ, ಹಾಗಾಗಿ ಮನೆಯಲ್ಲಿ ಕಟ್ಟದೆ, ನೆಕ್ಕದಂತೆ ಕುತ್ತಿಗೆಗೆ ಕೋನ್ (ಲಾಳಿಕೆಯಾಕಾರದ ಕೊರಳಪಟ್ಟಿ) ಹಾಕಿ. ಚರ್ಮ ಬಾಯಿಬಿಟ್ಟಿದ್ದರೆ ಹೊಲಿಗೆ ಬೇಕಾಗಬಹುದು, ತಡಮಾಡದೆ ತೋರಿಸಿ. ಈಗಾಗಲೇ ಮಾತ್ರೆ ಕೊಟ್ಟಿದ್ದರೆ ಒಸಡು ಕಂದು ಇಲ್ಲವೇ ನೀಲಿಯಾಗುವವರೆಗೆ ಕಾಯದೆ, ಮಾತ್ರೆಯ ಪಟ್ಟಿ ಸಮೇತ ಪಶು ಆಸ್ಪತ್ರೆಗೆ ಓಡಿ.