ಕೆರೆಗಿಳಿದ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

(ದಾವಣಗೆರೆಯಲ್ಲಿ ಮೂವತ್ತೈದು ವರ್ಷ ಲೇತ್ ವರ್ಕ್‌ಶಾಪ್ ನಡೆಸಿದ ನಮ್ಮ ಅಂಕಣಕಾರರು ಈ ಬಾರಿ ಪೆಡಲ್ ದೋಣಿಗಳ ಬಗ್ಗೆ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಸರ್, ನಾನು ಐಟಿಐ ಫಿಟ್ಟರ್. ಚಿಕ್ಕಪ್ಪನ ಮಗನೂ ನಾನೂ ಸೇರಿ ಸೂಳೆಕೆರೆಯಲ್ಲಿ ಓಡಿಸಲು ಇಬ್ಬರು ಕೂರುವ ಪೆಡಲ್ ದೋಣಿ ಕಟ್ಟುತ್ತಿದ್ದೇವೆ. 14 ಅಡಿಯ ಪ್ಲೈವುಡ್ ದೋಣಿ ತಯಾರಾಗಿದೆ. ಪಾರ್ಕಿನ ಬೋಟಿನ ಹಾಗೆ ನೀರು ಬಡಿಯುವ ಚಕ್ರ ಹಾಕೋಣವೇ, ಪಂಖ (ಪ್ರೊಪೆಲ್ಲರ್) ಹಾಕೋಣವೇ? ಗುಜರಿಯಲ್ಲಿ ಆಂಗಲ್ ಗ್ರೈಂಡರಿನ ಗೇರ್ ಸಿಕ್ಕಿದೆ, ಅದು ನಡೆಯುತ್ತದೆಯೇ?
— ಓದುಗ, ಚನ್ನಗಿರಿ

ಉತ್ತರ: ತಮ್ಮಂದಿರೇ, ಗ್ರೈಂಡರ್ ಗೇರನ್ನು ಪಕ್ಕಕ್ಕಿಡಿ. ನನ್ನ ಮೊದಲ ದೋಣಿಗೆ ನಾನೂ ಅದನ್ನೇ ಹಾಕಿದ್ದೆ, ಪೆಡಲಿನಿಂದ ನೇರವಾಗಿ. ಕೊಂಡಜ್ಜಿ ಕೆರೆಯ ನಡುವೆ ಗೆಳೆಯ ಹುಮ್ಮಸ್ಸಿನಿಂದ ಪೆಡಲ್ ಮೇಲೆ ಎದ್ದು ನಿಂತ. ಕಟಕಟ ಎಂದು ಹಲ್ಲುಗಳು ಉದುರಿದವು. ದಡಕ್ಕೆ ಬರಲು ಕೈಯಲ್ಲೇ ನೀರು ಹಿಂದೂಡಿದೆವು. ಅವತ್ತಿನಿಂದ ನನ್ನ ಯಾವ ದೋಣಿಯೂ ಹುಟ್ಟು ಇಲ್ಲದೆ ನೀರಿಗೆ ಇಳಿದಿಲ್ಲ, ನೀವೂ ಒಂದು ಇಟ್ಟುಕೊಳ್ಳಿ. ಇಬ್ಬರಿಗೂ ಲೈಫ್ ಜಾಕೆಟ್ ಇರಲೇಬೇಕು. ಕೆರೆ ಯಾರ ಸುಪರ್ದಿಯಲ್ಲಿದೆಯೋ ಆ ಇಲಾಖೆಯನ್ನು ಕೇಳಿಯೇ ದೋಣಿ ಇಳಿಸಿ.

ಹಲ್ಲು ಉದುರಿದ್ದಕ್ಕೆ ಕಾರಣ ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಗ್ರೈಂಡರಿನೊಳಗೆ ಆ ಗೇರ್ ವೇಗವಾಗಿ ತಿರುಗುತ್ತದೆ, ಅದರ ಮೇಲೆ ಬೀಳುವ ತಿರುಚು (ತಿರುಗಿಸುವ ಬಲ, ಟಾರ್ಕ್) ಕಮ್ಮಿ. ಕಾಲಿನದು ತದ್ವಿರುದ್ಧ. 60 ಕೆ.ಜಿ. ತೂಕದವರು 17 ಸೆಂ.ಮೀ. ಕ್ರ್ಯಾಂಕಿನ ಮೇಲೆ ಎದ್ದು ನಿಂತರೆ ಸುಮಾರು 100 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. ಇಷ್ಟನ್ನು ತಡೆಯಬಲ್ಲದ್ದು ಸೈಕಲ್ ಚೈನು, ಅದು ಹುಟ್ಟಿದ್ದೇ ಅದಕ್ಕೆ. ಮೊದಲು ಚೈನಿನಿಂದ ವೇಗ ಹೆಚ್ಚಿಸಿ ಆಮೇಲೆ ಗ್ರೈಂಡರ್ ಗೇರಿಗೆ ಕೊಟ್ಟರೆ ಅದು ಬದುಕುತ್ತದೆ, ಆದರೆ ಪಂಖ ಸಿಕ್ಕಾಪಟ್ಟೆ ಜೋರಾಗಿ ತಿರುಗುತ್ತದೆ. ಆ ವೇಗಕ್ಕೆ ಚಿಕ್ಕ ಪಂಖವೇ ಬೇಕು. ಚಿಕ್ಕ ಪಂಖ ನಿಮ್ಮ ಕಾಲಿನ ಶಕ್ತಿಯನ್ನು ನೀರು ಕಲಕುವುದರಲ್ಲೇ ಕಳೆಯುತ್ತದೆ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಆರೋಗ್ಯವಂತ ಮನುಷ್ಯ ಒಂದು ಗಂಟೆ ಸತತ ತುಳಿದರೆ ಕೊಡಬಲ್ಲದ್ದು 75ರಿಂದ 100 ವಾಟ್. ಇಬ್ಬರೂ ಸೇರಿದರೂ ಕಾಲು ಅಶ್ವಶಕ್ತಿ. ಇಷ್ಟರಲ್ಲಿ ಮುಂದೆ ಹೋಗಬೇಕಾದರೆ ಸ್ವಲ್ಪ ನೀರನ್ನು ರಭಸವಾಗಿ ಚಿಮ್ಮಿಸಬಾರದು, ತುಂಬಾ ನೀರನ್ನು ನಿಧಾನವಾಗಿ ಹಿಂದಕ್ಕೆ ತಳ್ಳಬೇಕು. ಅಂದರೆ ದೊಡ್ಡ ವ್ಯಾಸದ, ತೆಳು ಎಲೆಗಳ, ನಿಧಾನಕ್ಕೆ ತಿರುಗುವ ಪಂಖ. ಚೆನ್ನಾಗಿ ಕೆತ್ತಿದ ಅಂಥ ಪಂಖ ಕಾಲಿನ ಶಕ್ತಿಯಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ದೋಣಿಗೆ ಮುಟ್ಟಿಸುತ್ತದೆ. ಪಾರ್ಕಿನ ಚಕ್ರದ ಹಲಗೆ ನೀರಿಗಿಳಿಯುವಾಗ ನೀರನ್ನು ಕೆಳಕ್ಕೆ ಒತ್ತುತ್ತದೆ, ಮೇಲೇಳುವಾಗ ನೀರನ್ನು ಎತ್ತುತ್ತದೆ, ಎರಡೂ ದಂಡ. ಹಾಗೆಂದು ಚಕ್ರವನ್ನು ನಾನು ಹೀಗಳೆಯುವುದಿಲ್ಲ. ಮೊಳಕಾಲುದ್ದದ ನೀರಲ್ಲೂ ಅದು ಓಡುತ್ತದೆ, ಕಳೆ ಸಿಕ್ಕರೂ ಕೈಯಿಂದ ಬಿಡಿಸಬಹುದು, ಹಿಂದಕ್ಕೆ ತುಳಿದರೆ ದೋಣಿ ಹಿಂದಕ್ಕೆ ಬರುತ್ತದೆ. ಬಾಡಿಗೆ ಬೋಟಿಗೆ ಅದೇ ಸರಿ. ಸೂಳೆಕೆರೆಯಂಥ ವಿಶಾಲ ನೀರಿನಲ್ಲಿ ದೂರ ಹೋಗಿ ಬರುವವರಿಗೆ ಪಂಖ.

ಈಗ ಲೆಕ್ಕ. ಆರಾಮದ ವೇಗ ಗಂಟೆಗೆ 5 ಕಿ.ಮೀ. ಎಂದಿಟ್ಟುಕೊಳ್ಳಿ, ಸೆಕೆಂಡಿಗೆ 1.4 ಮೀಟರ್. ನೀವು ಒಂದು ನಿಮಿಷಕ್ಕೆ 60 ಸುತ್ತು ತುಳಿಯುತ್ತೀರಿ. ಮುಂದೆ 52 ಹಲ್ಲು, ಪಂಖದ ಶಾಫ್ಟಿಗೆ 13 ಹಲ್ಲು ಹಾಕಿದರೆ ನಾಲ್ಕು ಪಟ್ಟು, ಅಂದರೆ 240 ಸುತ್ತು. ಸೆಕೆಂಡಿಗೆ ನಾಲ್ಕು ಸುತ್ತಾದಾಗ ಪ್ರತಿ ಸುತ್ತಿಗೆ ದೋಣಿ 35 ಸೆಂ.ಮೀ. ಮುಂದೆ ಹೋಗಬೇಕು. ನೀರು ಜಾರುವುದಕ್ಕೆ ಒಂದಿಷ್ಟು ಬಿಟ್ಟು ಪಂಖದ ಪಿಚ್ (ನೀರು ಜಾರದಿದ್ದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) 40 ಸೆಂ.ಮೀ., ವ್ಯಾಸವೂ 40 ಸೆಂ.ಮೀ. ಇರಲಿ, ಎರಡೇ ಎಲೆ. ಸೀಲಿಂಗ್ ಫ್ಯಾನಿನ ರೆಕ್ಕೆ ಕತ್ತರಿಸಿ ಹಾಕಬೇಡಿ, ಈ ಕೆಲಸಕ್ಕೆ ಬೇಕಾದಷ್ಟು ಓರೆ ಅದರಲ್ಲಿಲ್ಲ. ಅಲ್ಯೂಮಿನಿಯಂ ಪಟ್ಟಿಯನ್ನು ವೈಸ್‌ಗೆ ಕಚ್ಚಿಸಿ ತಿರುಚಿ: ಪಂಖ ತಿರುಗುವ ಸಮತಲದಿಂದ ಅಳೆದಾಗ, ಮಧ್ಯದಿಂದ 6 ಸೆಂ.ಮೀ. ದೂರದಲ್ಲಿ 47 ಡಿಗ್ರಿ, 10 ಸೆಂ.ಮೀ.ನಲ್ಲಿ 32, ತುದಿಯಲ್ಲಿ 18. ಆಮೇಲೆ ಅರ ಹಾಕಿ ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ತೆಳ್ಳಗೆ ಮಾಡಿ. ಇಲ್ಲಿ ಅವಸರ ಮಾಡಬೇಡಿ, ಒಂದು ಭಾನುವಾರ ಪೂರ್ತಿ ಹೋಗಲಿ.

ಪೆಡಲಿನ ಅಚ್ಚು ಅಡ್ಡಕ್ಕಿದೆ, ಪಂಖದ ಶಾಫ್ಟ್ ಉದ್ದಕ್ಕಿದೆ. ಹಾಗಾದರೆ ತಿರುಗುವ ದಿಕ್ಕನ್ನು ಹೊರಳಿಸುವ ಬೆವೆಲ್ ಗೇರ್ ಬೇಡವೇ ಎಂದು ಕೇಳುತ್ತೀರಿ. ಬೇಡ, ಚೈನನ್ನೇ ಕಾಲು ಸುತ್ತು ತಿರುಚಿ ಕೆಳಕ್ಕಿಳಿಸಿ. ಲೈನ್ ಶಾಫ್ಟಿನಿಂದ (ಎಲ್ಲ ಯಂತ್ರಗಳನ್ನೂ ಓಡಿಸುವ ಉದ್ದನೆಯ ಶಾಫ್ಟ್) ಯಂತ್ರಕ್ಕೆ ಬೆಲ್ಟನ್ನು ಹೀಗೆ ತಿರುಚಿ ಕೊಡುತ್ತಿದ್ದುದನ್ನು ನನ್ನ ಅಪ್ಪ ನಮ್ಮೂರ ಕಾಟನ್ ಮಿಲ್ಲಿನಲ್ಲಿ ಕಂಡವರು, ಆ ಉಪಾಯವನ್ನು ನನಗೆ ಅವರೇ ಹೇಳಿಕೊಟ್ಟರು. ಚೈನಿನಲ್ಲಿ ಎಳೆಯುವ ಎಳೆ ಎರಡೂ ಚಕ್ರಗಳಿಗೆ ನೆಟ್ಟಗೆ ಬಂದು ಕೂರಬೇಕು, ಓರೆಯಾಗಬಾರದು. ಗೇರ್ ಸೈಕಲ್ಲಿನ ಕಿರಿದಾದ ಚೈನು ತೆಗೆದುಕೊಳ್ಳಿ, ಅದು ಅಡ್ಡಕ್ಕೆ ಚೆನ್ನಾಗಿ ಬಾಗುತ್ತದೆ. ನನ್ನ ದೋಣಿಯಲ್ಲಿ ಎರಡು ಅಚ್ಚಿನ ನಡುವೆ 70 ಸೆಂ.ಮೀ. ಇದೆ, ಸದ್ದೇ ಇಲ್ಲ. ಒಬ್ಬರ ಹಿಂದೆ ಒಬ್ಬರು ಕೂತು, ಇಬ್ಬರ ಕ್ರ್ಯಾಂಕನ್ನೂ ಇನ್ನೊಂದು ಚೈನಿನಿಂದ ಜೋಡಿಸಿ, ಒಂದಕ್ಕಿಂತ ಒಂದನ್ನು 90 ಡಿಗ್ರಿ ಹಿಂದೆ ಇಡಿ. ಒಬ್ಬರ ಪೆಡಲ್ ಮೇಲೆ-ಕೆಳಗೆ ನಿಂತು ಬಲ ಸತ್ತಾಗ ಇನ್ನೊಬ್ಬರದು ಒತ್ತುತ್ತಿರುತ್ತದೆ.

ಚೈನು, ಶಾಫ್ಟ್, ಪಂಖ ಹೊತ್ತು ನೀರಿಗಿಳಿಯುವ ಇಡೀ ಕಂಬವನ್ನು ತಳದಲ್ಲೊಂದು ಉದ್ದನೆ ಸಂದಿನ ಪೆಟ್ಟಿಗೆಯೊಳಗೆ ಇಳಿಸಿ, ಪೆಟ್ಟಿಗೆಯ ಅಂಚು ನೀರಿನ ಮಟ್ಟಕ್ಕಿಂತ ಮೇಲಿರಲಿ. ಅಂತರಗಂಗೆ ಸುತ್ತಿಕೊಂಡರೆ ಎರಡೆಲೆಯ ಪಂಖವನ್ನು ನೆಟ್ಟಗೆ ನಿಲ್ಲಿಸಿ ಮೇಲಕ್ಕೆಳೆದು ಬಿಡಿಸಬಹುದು. ಮನೆಗೆ ಬಂದ ಮೇಲೆ ಚೈನು ಒರೆಸಿ ಎಣ್ಣೆ ಬಿಡಿ.

ಪ್ರಶ್ನೆ: 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಮಕ್ಕಳನ್ನು ಕರೆದೊಯ್ದಿದ್ದೆ. ಆ ನೀರಿನ ಮೇಲೆ ಸೈಕಲ್ ತುಳಿದರೆ ಬಸ್ಸಿನಷ್ಟು ವೇಗ ಬರುತ್ತದೆಯೇ ಎಂದು ಒಬ್ಬಳು ಕೇಳಿದಳು.
— ಶಿಕ್ಷಕಿ, ಹಿರಿಯೂರು

ಉತ್ತರ: ಊರೊಳಗಿನ ಬಸ್ಸಿನಷ್ಟು ಬಂದಿದೆ ಎಂದು ಅವಳಿಗೆ ಹೇಳಿ, ಮೇಡಂ. ಅಮೆರಿಕದ ಎಂಐಟಿ ತಾಂತ್ರಿಕ ವಿದ್ಯಾಸಂಸ್ಥೆಯವರು ಕಟ್ಟಿದ ಡೆಕಾವಿಟೇಟರ್ ಎಂಬ ಪೆಡಲ್ ದೋಣಿ 1991ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಚಾರ್ಲ್ಸ್ ನದಿಯ ಮೇಲೆ 100 ಮೀಟರ್ ದೂರವನ್ನು 18.5 ನಾಟ್ ವೇಗದಲ್ಲಿ ದಾಟಿತು, ಗಂಟೆಗೆ ಸುಮಾರು 34 ಕಿ.ಮೀ. ತುಳಿದವರು ಮಾರ್ಕ್ ಡ್ರೆಲಾ. ನೀರೊಳಗಿನ ರೆಕ್ಕೆಗಳು ದೋಣಿಯನ್ನೇ ಮೇಲೆತ್ತುತ್ತಿದ್ದವು, ಪಂಖ ಗಾಳಿಯಲ್ಲಿ ತಿರುಗುತ್ತಿತ್ತು. ನೀರಿಗೆ ಒಡಲು ತಾಗಿಸಿಕೊಂಡೇ ಹೋಗುವ ದೋಣಿಗೆ ವೇಗ ಎರಡು ಪಟ್ಟಾಗಬೇಕೆಂದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ನನಗೆ ಇದಕ್ಕಿಂತ ಪ್ರೀತಿ ‘ಮೋಕ್ಷ’ ಎಂಬ 26 ಅಡಿಯ ಪೆಡಲ್ ದೋಣಿಯ ಮೇಲೆ. ಜೇಸನ್ ಲೂಯಿಸ್ ಮತ್ತು ಸ್ಟೀವ್ ಸ್ಮಿತ್ ಅದರಲ್ಲಿ 1994-95ರಲ್ಲಿ ಅಟ್ಲಾಂಟಿಕ್ ದಾಟಿದರು, 111 ದಿನ. 2007ರಲ್ಲಿ ಲೂಯಿಸ್ ನಮ್ಮ ಮುಂಬೈಯಿಂದಲೇ ಅರಬ್ಬೀ ಸಮುದ್ರಕ್ಕೆ ಇಳಿದು ಜಿಬೂಟಿ ತಲುಪಿದರು. ಆ ಹುಡುಗಿಗೆ ನಕ್ಷೆಯಲ್ಲಿ ಆ ದಾರಿ ತೋರಿಸಿ.

ಪ್ರಶ್ನೆ: ಡಿಪ್ಲೊಮಾ ಪ್ರಾಜೆಕ್ಟಿನ ದೋಣಿಯಲ್ಲಿ ಪಂಖದ ಶಾಫ್ಟ್ ಓರೆಯಾಗಿ ತಳದಿಂದ ಹೊರಹೋಗುತ್ತದೆ. ನೀರು ಬರದಿರಲೆಂದು ಎರಡು ರಬ್ಬರ್ ಆಯಿಲ್ ಸೀಲ್ ಹಾಕಿದೆವು. ಈಗ ಪೆಡಲ್ ತುಂಬಾ ಬಿಗಿ.
— ವಿದ್ಯಾರ್ಥಿನಿ, ಹರಿಹರ

ಉತ್ತರ: ಆ ಎರಡು ಸೀಲುಗಳು ಶಾಫ್ಟನ್ನು ಹಿಡಿದುಕೊಂಡಿವೆಯಮ್ಮ. ಮೋಟಾರಿಗೆ ಅದು ಗೊತ್ತೇ ಆಗುವುದಿಲ್ಲ, 75 ವಾಟ್ ಕೊಡುವ ಕಾಲಿಗೆ ತುಂಬಾ ಗೊತ್ತಾಗುತ್ತದೆ. ಎರಡನ್ನೂ ತೆಗೆಯಿರಿ. ಶಾಫ್ಟನ್ನು ಒಂದು ಪೈಪಿನೊಳಗೆ ತನ್ನಿ, ಪೈಪಿನ ಒಳತುದಿ ಜನ ಕೂತಾಗಲೂ ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಇರುವಂತೆ ನೋಡಿಕೊಳ್ಳಿ. ಆಗ ಸೀಲೇ ಬೇಡ, ಎರಡು ತುದಿಗೂ ನೈಲಾನ್ ಬುಷ್ ಸಾಕು. ಅಷ್ಟು ಎತ್ತರ ಸಿಗದಿದ್ದರೆ ಪಂಪ್‌ಸೆಟ್ಟಿಗೆ ಸುತ್ತುವ ಗ್ರೀಸಿನ ಗ್ಲ್ಯಾಂಡ್ ಹಗ್ಗ ಸುತ್ತಿ, ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಆಗಾಗ ಒಂದು ಹನಿ ನೀರು ಒಳಗೆ ಬರಲಿ, ಶಾಫ್ಟ್ ತಣ್ಣಗಿರುತ್ತದೆ. ಹನಿ ಪೂರ್ತಿ ನಿಂತುಹೋದರೆ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ.