ಓದುಗರ ಪ್ರಶ್ನೆಗೆ ಉತ್ತರ: ಪುಟ್ಟ ಪರದೆಯ ಮೇಲೆ ಕನ್ನಡ

ಪ್ರಶ್ನೆ: ಕಾಫಿ ಗೋದಾಮಿನ ಉಷ್ಣತೆ ಮತ್ತು ತೇವಾಂಶವನ್ನು ತೋರಿಸಲು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ 0.96 ಇಂಚಿನ ಓಎಲ್‌ಇಡಿ ಪರದೆಯನ್ನು ಜೋಡಿಸಿದ್ದೇನೆ. ಇಂಗ್ಲಿಷ್ ಅಕ್ಷರಗಳು ಚೆನ್ನಾಗಿ ಮೂಡುತ್ತವೆ. ಆದರೆ ಗೋದಾಮನ್ನು ನೋಡಿಕೊಳ್ಳುವ ನಮ್ಮ ತಂದೆಯವರಿಗಾಗಿ ಕನ್ನಡದಲ್ಲಿ ‘ಉಷ್ಣತೆ’ ಎಂದು ಬರೆಸಿದರೆ ಅಕ್ಷರಗಳು ಬಿಡಿಬಿಡಿಯಾಗುತ್ತವೆ. ಪರಿಹಾರವೇನು?
– ಓದುಗರು, ಸಕಲೇಶಪುರ

ಉತ್ತರ: ತಪ್ಪು ನಿಮ್ಮ ಜೋಡಣೆಯದಲ್ಲ. ಯುನಿಕೋಡಿನಲ್ಲಿ ‘ಷ್ಣ’ ಎಂಬುದು ಷ, ಹಲಂತ, ಣ ಎಂಬ ಮೂರು ಸಂಕೇತಗಳಾಗಿ ಇರುತ್ತದೆ. ಅವನ್ನು ಕೂಡಿಸಿ ಣಕಾರವನ್ನು ಷಕಾರದ ಕೆಳಗೆ ಒತ್ತಾಗಿ ಕೂರಿಸುವ ಕೆಲಸವನ್ನು ಮೊಬೈಲಿನಲ್ಲಿ ಅದರ ತಂತ್ರಾಂಶವೇ ಮಾಡಿಕೊಡುತ್ತದೆ, ಆದರೆ ಇಂಥ ಪರದೆಗಳಲ್ಲಿ ಬರೆಸಲು ಆರ್ಡುಯಿನೊದಲ್ಲಿ ಬಳಸುವ ಯು8ಜಿ2 ಲೈಬ್ರರಿಯು (ಸಿದ್ಧ ಪ್ರೋಗ್ರಾಮುಗಳ ಕಟ್ಟು) ಸಂಕೇತಕ್ಕೊಂದರಂತೆ ಆಕೃತಿಗಳನ್ನು ಸಾಲಾಗಿ ಇಡುತ್ತ ಹೋಗುತ್ತದೆ.

ಆದ್ದರಿಂದ ಇಡೀ ಪದವನ್ನೇ ಒಂದು ಚಿತ್ರವಾಗಿ ಮಾಡಿಕೊಳ್ಳಿ. 64 ಚುಕ್ಕೆ ಅಗಲ, 24 ಚುಕ್ಕೆ ಎತ್ತರದ ಕಪ್ಪು-ಬಿಳುಪು ಚಿತ್ರದಲ್ಲಿ ಪದವನ್ನು ಬರೆದು, ಗಿಂಪ್ ತಂತ್ರಾಂಶದಿಂದ ಎಕ್ಸ್‌ಬಿಎಂ ಕಡತವಾಗಿ ಉಳಿಸಿದರೆ 192 ಬೈಟುಗಳ ಪಟ್ಟಿ ಸಿಗುತ್ತದೆ. ಎತ್ತರವನ್ನು 16 ಚುಕ್ಕೆಗೆ ಇಳಿಸಬೇಡಿ. ಒತ್ತಕ್ಷರ ಕಲಸಿಹೋಗುತ್ತದೆ, ವಯಸ್ಸಾದ ಕಣ್ಣಿಗಂತೂ ಅದು ಬರೀ ಮಸಿಯ ಚುಕ್ಕೆ. ಊನೊದಲ್ಲಿರುವುದು 2,048 ಬೈಟು ರ‍್ಯಾಮ್. ಅದರಲ್ಲಿ 128×64 ಚುಕ್ಕೆಗಳ ಪರದೆಯ ಪೂರ್ಣ ಪ್ರತಿಗೇ 1,024 ಬೈಟು ಹೋಗುವುದರಿಂದ, ಚಿತ್ರದ ಪಟ್ಟಿಯನ್ನು ಪ್ರೋಗ್‌ಮೆಮ್ ಸೂಚನೆಯೊಂದಿಗೆ 32 ಕಿಲೋಬೈಟಿನ ಫ್ಲ್ಯಾಶ್ ಸ್ಮೃತಿಯಲ್ಲೇ ಇಡಬೇಕು. ಅಂಕಿಗಳು ಮಾತ್ರ ಬಹಳ ಸಲೀಸು: ೦ಯಿಂದ ೯ರವರೆಗೆ ಒತ್ತೂ ಇಲ್ಲ, ಗುಣಿತವೂ ಇಲ್ಲ, ಹತ್ತು ಚಿತ್ರಗಳಿದ್ದರೆ ಯಾವ ಅಳತೆಯನ್ನಾದರೂ ಕನ್ನಡದಲ್ಲಿ ತೋರಿಸಬಹುದು.

ನಿಮ್ಮದು ಹಳದಿ-ನೀಲಿ ಪರದೆಯಾದರೆ ಮೇಲಿನ 16 ಸಾಲುಗಳು ಹಳದಿ, ಉಳಿದ 48 ನೀಲಿ. ಪದವನ್ನು ತೀರ ಮೇಲಿನಿಂದ ಆರಂಭಿಸಿದರೆ ‘ಷ’ ಹಳದಿಯಾಗಿ, ಅದರ ಒತ್ತು ನೀಲಿಯಾಗಿ ಕಾಣುತ್ತದೆ. ಹಾಗಾಗಿ ‘ಉಷ್ಣತೆ’, ‘ತೇವಾಂಶ’ ಎರಡೂ ಪದಗಳನ್ನು ನೀಲಿ ಭಾಗದಲ್ಲೇ ಒಂದರ ಕೆಳಗೊಂದು ಇರಿಸಿ.

ಪ್ರಶ್ನೆ: ಪರದೆಯ ಹಿಂಬದಿಯಲ್ಲಿ ವಿಳಾಸ ಹೆಕ್ಸ್ (16ರ ಆಧಾರದ ಸಂಖ್ಯೆ) 78 ಎಂದು ಮುದ್ರಿಸಿದೆ. ಅದನ್ನೇ ಪ್ರೋಗ್ರಾಮಿನಲ್ಲಿ ಕೊಟ್ಟರೂ ಪರದೆ ಬೆಳಗುತ್ತಿಲ್ಲ.
– ಓದುಗರು, ಚಿಕ್ಕಮಗಳೂರು

ಉತ್ತರ: ಮುದ್ರಿತ ಸಂಖ್ಯೆಯಲ್ಲಿ ಓದು-ಬರಹವನ್ನು ಸೂಚಿಸುವ ಕೊನೆಯ ಬಿಟ್ ಕೂಡ ಸೇರಿದೆ. ಪರದೆಯೊಂದಿಗೆ ಮಾತಾಡುವ ಆರ್ಡುಯಿನೊದ ವೈರ್ ಲೈಬ್ರರಿ ಆ ಬಿಟ್ಟನ್ನು ತಾನೇ ಸೇರಿಸಿಕೊಳ್ಳುವುದರಿಂದ ನೀವು ಅರ್ಧ ಸಂಖ್ಯೆಯನ್ನು, ಅಂದರೆ ಹೆಕ್ಸ್ 3ಸಿ ಎಂದು, ಕೊಡಬೇಕು. ತಂತಿಗಳಲ್ಲಿ ಮಾಹಿತಿ ಸಾಗಿಸುವ ಎಸ್‌ಡಿಎ ಊನೊದ ಎ4 ಪಿನ್ನಿಗೆ, ಲಯ ಕೊಡುವ ಎಸ್‌ಸಿಎಲ್ ಎ5ಕ್ಕೆ ಹೋಗಿದೆಯೇ ನೋಡಿ. ಕೆಲವು ಮಾಡ್ಯೂಲುಗಳಲ್ಲಿ ಗ್ರೌಂಡ್ ಮತ್ತು ವಿಸಿಸಿ (ವಿದ್ಯುತ್ ಒಳಬರುವ) ಪಿನ್ನುಗಳು ಅದಲುಬದಲಾಗಿರುತ್ತವೆ; ಆದ್ದರಿಂದ ವಿದ್ಯುತ್ ಕೊಡುವ ಮೊದಲೇ ಪಿನ್ನಿನ ಪಕ್ಕದ ಬರಹವನ್ನು ಓದಿಕೊಳ್ಳಿ.