ಅಗ್ನಿಶಿಖೆಯ ಗೆಡ್ಡೆ ಚಿಗುರುತ್ತಿಲ್ಲ, ತುಂಡು ಮಾಡಿ ನೆಡಲೇ?

ಮೊದಲು ಚಾಕುವನ್ನು ಕೆಳಗಿಡಿ. ಶಿವರಾತ್ರಿಯ ಹೊತ್ತಿಗೆ ನೆಟ್ಟ ಗೆಡ್ಡೆ ಯುಗಾದಿ ಕಳೆದರೂ ಏಳಲಿಲ್ಲ, ಯಾವ ಗೊಬ್ಬರ ಹಾಕಲಿ, ತುಂಡು ಮಾಡಿ ಬೇರೆ ಕುಂಡದಲ್ಲಿ ನೆಡಲೇ ಎಂದು ಮುಂಬೈ ಪಕ್ಕದ ಠಾಣೆ ನಗರದಿಂದ ಕೇಳಿದ್ದೀರಿ. ನಾನು ಅಲ್ಲೇ ಹತ್ತಿರದ ಡೊಂಬಿವಲಿಯವಳು. ಇದೇ ಪ್ರಶ್ನೆಗೆ ಯಾರನ್ನೂ ಕೇಳದೆ ನಾನೇ ಉತ್ತರ ಕೊಟ್ಟುಕೊಂಡು ಕೈಸುಟ್ಟುಕೊಂಡವಳು.

ತವರು ಶಿರಸಿ ಕಡೆ. ಅಮ್ಮ ಶುಂಠಿ, ಅರಿಸಿನ, ಕೆಸು ನೆಡುವುದನ್ನು ನೋಡುತ್ತ ಬೆಳೆದ ನನಗೆ ಗೆಡ್ಡೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ ಎಂಬ ಜಂಬ. ಅಗ್ನಿಶಿಖೆಯ ಬಳ್ಳಿಯನ್ನು ಬೇಲಿಯ ಮೇಲೆ ಕಂಡಿದ್ದೆ, ಗೌರಿ ಹಬ್ಬಕ್ಕೆ ಹೂ ಕೊಯ್ದೂ ಇದ್ದೆ. ಬುಡ ಅಗೆದು ನೋಡಿದವಳಲ್ಲ. ಇಲ್ಲಿ ಒಂದು ಸಸ್ಯ ಪ್ರದರ್ಶನದಲ್ಲಿ ಗೆಡ್ಡೆ ಸಿಕ್ಕಿತು. ಬೆರಳು ದಪ್ಪದ ಎರಡು ತೋಳು, ನಡುವೆ ಒಂದು ಮೊಣಕೈಯಂಥ ತಿರುವು, ತೆಳ್ಳನೆಯ ಕಂದು ಸಿಪ್ಪೆ. ತೋಳುಗಳ ತುದಿ ಮಾತ್ರ ಚೂಪಾಗಿ, ಒಣಗಿದ ಹಾಗೆ ಕಾಣುತ್ತಿತ್ತು. ಗೆಣಸು ಬೇಯಿಸುವ ಮೊದಲು ಎರಡೂ ಮೂತಿ ಕತ್ತರಿಸುತ್ತೇವಲ್ಲ, ಅದೇ ಅಭ್ಯಾಸದಲ್ಲಿ ತುದಿಗಳನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಉಳಿದ ನಡುಭಾಗವನ್ನು ಚೊಕ್ಕವಾಗಿ ತುಂಡು ಮಾಡಿ, ಬೂದಿ ಸವರಿ, ಕುಂಡಕ್ಕೊಂದರಂತೆ ನೆಟ್ಟೆ.

ಕಸಕ್ಕೆ ಹೋದದ್ದೇ ಗಿಡ. ಇದನ್ನು ಸ್ವಲ್ಪ ಬಿಡಿಸಿ ಹೇಳಿದರೆ ಬೇಸರಿಸಬೇಡಿ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಶುಂಠಿಗೆ ಗೆಣ್ಣುಗೆಣ್ಣಿಗೂ ಮೊಳಕೆ ಇರುತ್ತದೆ, ಮುರಿದು ಎಲ್ಲಿ ಹಾಕಿದರೂ ಏಳುತ್ತದೆ. ಅಗ್ನಿಶಿಖೆಗೆ ಆ ಸೌಲಭ್ಯವಿಲ್ಲ. ಅದರ ಮೊಳಕೆ ಇರುವುದು ತೋಳಿನ ತುದಿಯಲ್ಲಿ, ತೋಳಿಗೆ ಒಂದೇ. ಅದು ಮುರಿದರೆ, ಸವೆದರೆ, ಉಗುರು ತಾಗಿ ಗಾಯವಾದರೆ, ಉಳಿದ ಗೆಡ್ಡೆ ಎಷ್ಟೇ ಪುಷ್ಟವಾಗಿದ್ದರೂ ಅಲ್ಲಿಂದ ಬೇರೆ ಮೊಳಕೆ ಹುಟ್ಟುವುದಿಲ್ಲ. ಗೆಡ್ಡೆಯೋ, ಕೈಜಾರಿ ಬಿದ್ದರೆ ಸಾಕು ಟಕ್ಕೆಂದು ಮುರಿಯುವ ಜಾತಿ. ಎರಡು ಗಿಡ ಬೇಕೇ ಬೇಕೆಂದರೆ ಆ ತಿರುವಿನಲ್ಲಿ ಬೇರ್ಪಡಿಸಿ ಒಂದೊಂದು ತೋಳನ್ನು ಇಡಿಯಾಗಿ ನೆಡಬಹುದು. ಅದಕ್ಕಿಂತ ಸಣ್ಣ ತುಂಡು ಬರೀ ಹಿಟ್ಟು.

ಆ ಹಿಟ್ಟಿನ ತುಂಡುಗಳಿಗೆ ನಾನು ದಿನವೂ ನೀರು ಹೊಯ್ದೆ. ಏಳಲಿಲ್ಲವೆಂದು ಕಡಲೆಹಿಂಡಿ ನೆನೆಸಿದ ನೀರು ಹೊಯ್ದೆ. ಕೆಳಗಿನ ಮನೆಯವರು ವಾಸನೆಯೆಂದು ಸೊಸೈಟಿಯ ಕಾರ್ಯದರ್ಶಿಗೆ ದೂರು ಕೊಟ್ಟ ಮೇಲೆ ಕುಂಡ ಬಗೆದೆ. ಬೆರಳಿಗೆ ಹತ್ತಿದ್ದು ಬೂದುಬಣ್ಣದ ಲೋಳೆ.

ಆದ್ದರಿಂದ ನೀವು ಕೇಳಿದ ಗೊಬ್ಬರದ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ನಿಮ್ಮ ಗೆಡ್ಡೆಗೆ ರೋಗವಿಲ್ಲ, ಹಸಿವೂ ಇಲ್ಲ, ನಿದ್ದೆ ಇದೆ. ಇದು ಮುಂಗಾರಿನ ಬಳ್ಳಿ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಬೇಸಿಗೆಯಲ್ಲಿ ಹುಡುಕಿದರೆ ಒಂದು ಎಲೆಯೂ ಕಾಣದು, ಮಳೆ ಹಿಡಿದ ಮೇಲೆ ನೆಲದಿಂದ ಏಳುತ್ತದೆ. (ಅಲ್ಲಿಂದ ಅಗೆದು ತರುವ ಯೋಚನೆ ಬೇಡ, ಅದು ಅಪರಾಧ.) ಈಗ ನೀರು ಪೂರ್ತಿ ನಿಲ್ಲಿಸಿ, ಕುಂಡವನ್ನು ನೆರಳಿಗೆ ಸರಿಸಿ, ಮೇ ಕೊನೆಯವರೆಗೆ ಮರೆತುಬಿಡಿ. ಕೆದಕಿ ನೋಡುವ ಚಪಲವಂತೂ ಬೇಡ, ತುದಿ ಮುರಿಯುವುದು ಆಗಲೇ.

ಈಚೆಗೆ ನನ್ನ ಬಾಲ್ಕನಿಯಲ್ಲಿ ಪ್ರತಿ ಮಳೆಗಾಲವೂ ಅದು ಗ್ರಿಲ್ ಹತ್ತುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಸರಳನ್ನು ಹಿಡಿಯುತ್ತದೆ. ಮೊಗ್ಗು ಹಸಿರು, ಅರಳುತ್ತ ಹಳದಿ, ಆಮೇಲೆ ಕೆಂಪು, ಎಸಳುಗಳೆಲ್ಲ ಹಿಂದಕ್ಕೆ ಮಡಚಿ ನಿಂತಿರುತ್ತವೆ. ಮಾಡಿದ್ದು ಇಷ್ಟೇ: ಮರಳು ಬೆರೆಸಿದ ಮಣ್ಣು, ಗೆಡ್ಡೆ ಅಡ್ಡಡ್ಡ ಮಲಗಿಸಿ ಮೇಲೆ ಎರಡು ಮೂರು ಇಂಚು ಮಣ್ಣು, ನೀರು ನಿಲ್ಲದ ಕುಂಡ. ಗೌರಿಪೂಜೆಗೆ ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಬಳ್ಳಿಯನ್ನೇ ಕೇಳುತ್ತಾರೆ, ನಾನು ಹೂವು ಮಾತ್ರ ಕೊಡುತ್ತೇನೆ. ಹಳೆಯ ಗೆಡ್ಡೆ ಆ ವರ್ಷಕ್ಕೇ ಮುಗಿಯುತ್ತದೆ, ಎಲೆಗಳು ದುಡಿದರೆ ತಾನೇ ಮುಂದಿನ ವರ್ಷಕ್ಕೆ ಹೊಸದು ಕಟ್ಟುವುದು? ಬಳ್ಳಿ ತಾನಾಗಿ ಹಳದಿಯಾಗಿ ಒಣಗಲಿ.

ನೀವು ಹೇಳದ ಒಂದು ಸಂಗತಿ ಮಾತ್ರ ನನಗೆ ಬೇಕು: ಮನೆಯಲ್ಲಿ ಪುಟ್ಟ ಮಗು ಇದೆಯೇ? ಇಡೀ ಗಿಡ ವಿಷ, ಅದರಲ್ಲೂ ಗೆಡ್ಡೆ. ಗೌಟ್ ರೋಗಕ್ಕೆ ತೀರಾ ಸಣ್ಣ ಪ್ರಮಾಣದಲ್ಲಿ ಕೊಡುವ ಕೋಲ್ಚಿಸಿನ್ ಇದರಲ್ಲಿದೆ. ಗೆಣಸೆಂದು ತಿಂದು ಸತ್ತವರಿದ್ದಾರೆ. ನಾನು ಅದನ್ನು ಅಡುಗೆಮನೆಯ ಮಣೆಯ ಮೇಲೆ ಕತ್ತರಿಸಿದ್ದೆ! ತಿಳಿದ ದಿನ ಮಣೆಯನ್ನೂ ಚಾಕುವನ್ನೂ ಎಸೆದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗುವಿದ್ದರೆ, ಮೊಳಕೆ ಬರುವವರೆಗೂ ಕಾಯಬೇಡಿ, ಗೆಡ್ಡೆಯನ್ನು ಯಾರಿಗಾದರೂ ಕೊಟ್ಟು ಶಂಖಪುಷ್ಪ ಹಬ್ಬಿಸಿ.